ಎಡಿತ್ ಹೆಡ್ ಹೇಳದೆ ಬಿಟ್ಟ ಹೆಸರು

ನಮ್ಮಮ್ಮ ಇಪ್ಪತ್ತೆಂಟು ವರ್ಷ ಮನೆಯಲ್ಲೇ ಬ್ಲೌಸ್ ಹೊಲಿದವರು. ಅಳತೆ ತಗೊಳ್ಳುವಾಗ ಅವರು ಟೇಪಿಗಿಂತ ಜಾಸ್ತಿ ಕಿವಿಗೆ ಕೆಲಸ ಕೊಡುತ್ತಿದ್ದರು. "ಸ್ವಲ್ಪ ಲೂಸ್ ಇರಲಿ" ಅನ್ನೋ ಮಾತಿಗೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಅರ್ಥ. ಒಬ್ಬರಿಗೆ ತೋಳು ದಪ್ಪ ಅಂತ ಸಂಕೋಚ. ಇನ್ನೊಬ್ಬರು ಆಗಷ್ಟೇ ಬಾಣಂತನ ಮುಗಿಸಿ ಬಂದವರು. ಅಮ್ಮ ಏನೂ ಕೇಳುತ್ತಿರಲಿಲ್ಲ. ಹೊಲಿಗೆಯಲ್ಲೇ ಸರಿ ಮಾಡಿ ಕೊಡುತ್ತಿದ್ದರು.

ಅದಕ್ಕೇ ಇರಬೇಕು, ಹಳೆ ಹಾಲಿವುಡ್ ಸಿನಿಮಾಗಳ ಹುಚ್ಚು ಹತ್ತಿದಾಗ ನನಗೆ ನಟಿಯರಿಗಿಂತ ಎಡಿತ್ ಹೆಡ್ ಹತ್ತಿರವಾದರು. ವಸ್ತ್ರವಿನ್ಯಾಸಕ್ಕೆ 35 ಸಲ ಆಸ್ಕರ್‌ಗೆ ನಾಮನಿರ್ದೇಶನ, 8 ಸಲ ಗೆಲುವು. ಇಷ್ಟು ಆಸ್ಕರ್ ಗೆದ್ದ ಹೆಂಗಸು ಇನ್ನೊಬ್ಬರಿಲ್ಲ. ಆದರೆ ನಾನು ಬರೆಯಹೊರಟಿದ್ದು ಪ್ರಶಸ್ತಿಗಳ ಲೆಕ್ಕ ಒಪ್ಪಿಸುವುದಕ್ಕಲ್ಲ. ಎಷ್ಟೋ ವರ್ಷದಿಂದ ಅವರ ಮೇಲೆ ಪ್ರೀತಿ ಇದೆ. ಅದರ ಜೊತೆಗೇ ಒಂದು ಬೇಸರವೂ ಇದೆ. ಎರಡನ್ನೂ ಹೇಳಿಬಿಡುತ್ತೇನೆ.

1897ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಎಡಿತ್ ಓದಿದ್ದು ಭಾಷೆಗಳನ್ನು. ಬರ್ಕ್ಲಿಯಲ್ಲಿ ಪದವಿ, ಸ್ಟ್ಯಾನ್‌ಫರ್ಡ್‌ನಲ್ಲಿ ಎಂಎ. ಆಮೇಲೆ ಹೆಣ್ಣುಮಕ್ಕಳ ಶಾಲೆಯಲ್ಲಿ ಫ್ರೆಂಚ್ ಟೀಚರ್. ಚಿತ್ರಕಲೆಯನ್ನೂ ಕಲಿಸಬೇಕಾಗಿ ಬಂದಾಗ ಸಂಜೆ ಕ್ಲಾಸಿಗೆ ಸೇರಿ ತಾವೇ ಚಿತ್ರ ಬಿಡಿಸುವುದನ್ನು ಕಲಿಯುತ್ತಿದ್ದರು. 1920ರ ದಶಕದ ಮೊದಲರ್ಧದಲ್ಲಿ ಪ್ಯಾರಾಮೌಂಟ್ ಸ್ಟುಡಿಯೋಗೆ ಸ್ಕೆಚ್ ಬಿಡಿಸುವವರು ಬೇಕು ಅಂತ ಜಾಹೀರಾತು ಬಂತು. ಎಡಿತ್ ಕ್ಲಾಸಿನ ಗೆಳೆಯರ ಚಿತ್ರಗಳನ್ನು ಕಡ ತಗೊಂಡು, ಎಲ್ಲ ತಮ್ಮವೇ ಅನ್ನುವ ಹಾಗೆ ತೋರಿಸಿ ಕೆಲಸ ಗಿಟ್ಟಿಸಿದರು. ಆಮೇಲೆ ತಾವೇ ಇದನ್ನು ಒಪ್ಪಿಕೊಂಡರು. ಸ್ಟುಡಿಯೋದ ಮುಖ್ಯ ವಿನ್ಯಾಸಕ ಹೊವರ್ಡ್ ಗ್ರೀರ್ ಎಡಿತ್ ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಮೊದಲ ಸಲ ಇದನ್ನು ಓದಿದಾಗ ನನಗೆ ಆ ಹುಡುಗಿಯ ಧೈರ್ಯ ನೋಡಿ ಖುಷಿಯಾಗಿತ್ತು. ಈಗ ಮಾತ್ರ, ಆ ಚಿತ್ರ ಬಿಡಿಸಿದ ಗೆಳೆಯರು ಯಾರಿದ್ದರೋ ಅನ್ನಿಸುತ್ತದೆ.

ಆ ಕಾಲದ ಸ್ಟುಡಿಯೋ ಅಂದ್ರೆ ಒಂದು ಊರೇ. ನಟರು, ನಿರ್ದೇಶಕರು, ಬಡಗಿಗಳು, ದರ್ಜಿಗಳು, ಎಲ್ಲರೂ ಒಂದೇ ಕಾಂಪೌಂಡಿನೊಳಗೆ ಸಂಬಳಕ್ಕೆ ದುಡಿಯುತ್ತಿದ್ದರು. ವಿನ್ಯಾಸಕರು ಚಿತ್ರ ಬಿಡಿಸುತ್ತಾರೆ. ಬಟ್ಟೆ ಕತ್ತರಿಸುವವರು ಬೇರೆ, ಹೊಲಿಯುವವರು ಬೇರೆ, ಮಣಿ ಕೂರಿಸುವವರು ಬೇರೆ. 1938ರಲ್ಲಿ ಎಡಿತ್ ಈ ಇಡೀ ವಿಭಾಗಕ್ಕೆ ಮುಖ್ಯಸ್ಥೆಯಾದರು. 1967ರವರೆಗೂ ಪ್ಯಾರಾಮೌಂಟ್‌ನಲ್ಲೇ ಇದ್ದರು.

ಅವರಿಗಿಂತ ಚೆನ್ನಾಗಿ ಚಿತ್ರ ಬಿಡಿಸುವವರು ಹಾಲಿವುಡ್‌ನಲ್ಲಿ ಬೇಕಾದಷ್ಟು ಜನ ಇದ್ದರು. ಎಡಿತ್ ಗೆದ್ದದ್ದು ಟ್ರಯಲ್ ರೂಮಿನಲ್ಲಿ. ಬಾರ್ಬರಾ ಸ್ಟ್ಯಾನ್‌ವಿಕ್ ಅನ್ನೋ ನಟಿಯ ಮೈಕಟ್ಟಿನಲ್ಲಿ ಸೊಂಟ ಉದ್ದ, ಹಿಂಭಾಗ ಸ್ವಲ್ಪ ಕೆಳಗೆ. ಅದಕ್ಕೇ ಅವರಿಗೆ ಯಾವಾಗಲೂ ಸಾದಾ ಬಟ್ಟೆ ತೊಡಿಸುತ್ತಿದ್ದರು. 1941ರ 'ದಿ ಲೇಡಿ ಈವ್' ಚಿತ್ರಕ್ಕೆ ಎಡಿತ್ ಮಾಡಿದ್ದು ಬಹಳ ಸಣ್ಣ ಉಪಾಯ. ಸೊಂಟದ ಪಟ್ಟಿಯನ್ನು ಮುಂದೆ ಅಗಲ ಮಾಡಿ, ಹಿಂದೆ ಕಿರಿದು ಮಾಡಿದರು. ಅಷ್ಟೇ. ಆ ಚಿತ್ರದಲ್ಲಿ ಸ್ಟ್ಯಾನ್‌ವಿಕ್ ನಡೆಯುವುದನ್ನು ನೋಡಿ, ಮೈ ಮರೆಸುವ ನಡಿಗೆ ಅದು. ಆಮೇಲೆ ಸ್ಟ್ಯಾನ್‌ವಿಕ್ ಬೇರೆ ಸ್ಟುಡಿಯೋಗಳ ಚಿತ್ರಗಳಿಗೂ ಎಡಿತ್ ಅವರೇ ಬೇಕು ಅಂತ ಪಟ್ಟು ಹಿಡಿದರು. ಹಿಡಿಯದೆ ಇರ್ತಾರಾ! ನಮ್ಮ ಬೀದಿಯಿಂದ ಮನೆ ಬದಲಾಯಿಸಿ ಹೋದವರೂ ಎರಡು ಬಸ್ ಹತ್ತಿ ಅಮ್ಮನ ಹತ್ತಿರವೇ ಬರುತ್ತಿದ್ದರು.

ನಟಿ ಕಿಮ್ ನೊವಾಕ್ ಕಥೆಯೂ ಹಾಗೇ. 'ವರ್ಟಿಗೊ' ಚಿತ್ರಕ್ಕೆ ಬೂದು ಬಣ್ಣದ ಸೂಟೇ ಬೇಕು ಅಂತ ನಿರ್ದೇಶಕ ಹಿಚ್‌ಕಾಕ್. ಯಾವ ಬಣ್ಣವಾದರೂ ಸರಿ, ಬೂದು ಮಾತ್ರ ಬೇಡ ಅಂತ ನೊವಾಕ್. ನಡುವೆ ನಿಂತವರು ಎಡಿತ್. ಕೊನೆಗೆ ನೊವಾಕ್ ಬೂದು ಸೂಟನ್ನೇ ಹಾಕಿದರು. ಆ ಸೂಟಿನಲ್ಲಿ ಅವರು ಮಂಜಿನೊಳಗಿಂದ ಎದ್ದು ಬಂದ ಹಾಗೆ ಕಾಣುತ್ತಾರೆ, ಕಥೆಗೆ ಬೇಕಿದ್ದದ್ದೂ ಅದೇ.

1947ರಲ್ಲಿ ಎಡಿತ್ ಒಂದು ಪೆಟ್ಟು ತಿಂದರು. ಪ್ಯಾರಿಸ್‌ನಲ್ಲಿ ಕ್ರಿಶ್ಚಿಯನ್ ಡಿಯೋರ್ ಉದ್ದ ಲಂಗದ ಹೊಸ ಶೈಲಿ ತಂದ. ಯುದ್ಧದ ಕಾಲದಲ್ಲಿ ಬಟ್ಟೆಗೆ ಮಿತಿ ಇದ್ದದ್ದರಿಂದ ಅಮೆರಿಕದಲ್ಲಿ ಲಂಗಗಳು ಗಿಡ್ಡವಾಗಿದ್ದವು. ಚಿತ್ರೀಕರಣ ಮುಗಿದು ತೆರೆಗೆ ಕಾಯುತ್ತಿದ್ದ ಚಿತ್ರಗಳ ಉಡುಪೆಲ್ಲ ಒಂದೇ ರಾತ್ರಿಗೆ ಹಳತಾಗಿಬಿಟ್ಟವು. ಸಿನಿಮಾ ಇವತ್ತು ತೆಗೆದರೆ ಜನ ನೋಡೋದು ಎಷ್ಟೋ ತಿಂಗಳ ಮೇಲೆ, ಅಲ್ವಾ? ಅಲ್ಲಿಂದ ಮುಂದೆ ಎಡಿತ್ ಫ್ಯಾಷನ್ ಹಿಂದೆ ಓಡಲಿಲ್ಲ. ಇವತ್ತಿಗೂ ಅವರ ಚಿತ್ರಗಳ ಉಡುಪು ಕಣ್ಣಿಗೆ ಹಳತು ಅನ್ನಿಸುವುದು ಅಪರೂಪ.

ಇಷ್ಟು ಹೊಗಳಿದ ಮೇಲೆ ಆ ಬೇಸರ.

1954ರ 'ಸಬ್ರೀನಾ'. ಡ್ರೈವರ್ ಮಗಳೊಬ್ಬಳು ಪ್ಯಾರಿಸ್‌ಗೆ ಹೋಗಿ ಹೊಸಬಳಾಗಿ ತಿರುಗಿ ಬರುವ ಕಥೆ. ನಾಯಕಿ ಆಡ್ರೆ ಹೆಪ್‌ಬರ್ನ್ ನಿಜವಾಗಿಯೂ ಪ್ಯಾರಿಸ್‌ಗೆ ಹೋಗಿ ಹುಬೆರ್ ದ ಜಿವಾಂಶಿ ಅನ್ನೋ ಯುವ ವಿನ್ಯಾಸಕನ ಅಂಗಡಿಯಿಂದ ಉಡುಪು ಆರಿಸಿಕೊಂಡು ಬಂದರು. ಹೆಪ್‌ಬರ್ನ್ ಅಂದಾಗ ಅವನು ಇನ್ನೊಬ್ಬ ನಟಿ ಕ್ಯಾಥರೀನ್ ಹೆಪ್‌ಬರ್ನ್ ಬರುತ್ತಾರೆ ಅಂದುಕೊಂಡಿದ್ದನಂತೆ. ಪ್ಯಾರಿಸ್‌ನಿಂದ ಮರಳಿದ ಸಬ್ರೀನಾ ಸ್ಟೇಷನ್ನಿನಲ್ಲಿ ತೊಟ್ಟ ಸೂಟು, ಪಾರ್ಟಿಯ ಕಸೂತಿ ಗೌನು, ಎಲ್ಲರೂ ನಕಲು ಮಾಡಿದ ಆ ಕಪ್ಪು ಉಡುಪು. ಈ ಮೂರನ್ನೂ ಆರಿಸಿ ತಂದದ್ದು ಅಲ್ಲಿಂದಲೇ. ಡ್ರೈವರ್ ಮಗಳ ಬಡ ಬಟ್ಟೆಗಳು ಎಡಿತ್ ಅವರವು. ತೆರೆಯ ಮೇಲೆ ಹೆಸರು ಬಂದದ್ದು ಎಡಿತ್ ಅವರದ್ದು ಮಾತ್ರ. ಆಸ್ಕರ್ ಬಂದದ್ದೂ ಅವರೊಬ್ಬರಿಗೇ. ಅವರು ಜಿವಾಂಶಿಯ ಹೆಸರು ಎತ್ತಲಿಲ್ಲ.

ಸ್ಟುಡಿಯೋ ಪದ್ಧತಿಯೇ ಹಾಗಿತ್ತು, ವಿಭಾಗದ ಮುಖ್ಯಸ್ಥರ ಹೆಸರು ಹಾಕುವುದು ವಾಡಿಕೆ ಅಂತ ಅನೇಕರು ಹೇಳುತ್ತಾರೆ. ಒಪ್ಪುತ್ತೇನೆ. ಮೂರು ವರ್ಷದ ಮೇಲೆ 'ಫನ್ನಿ ಫೇಸ್' ಚಿತ್ರದಲ್ಲಿ ಇಬ್ಬರ ಹೆಸರೂ ಬಂತು, ನಾಮನಿರ್ದೇಶನವೂ ಇಬ್ಬರಿಗೂ ಸಿಕ್ಕಿತು. ಆದರೂ ನನಗೆ ಸಮಾಧಾನವಿಲ್ಲ. ಎದುರಿಗಿದ್ದವರು ಬಾಯಿಬಿಟ್ಟು ಹೇಳದ ಸಂಕೋಚವನ್ನೂ ಅರ್ಥ ಮಾಡಿಕೊಳ್ಳುವ ಹೆಂಗಸಿಗೆ, ಹೆಸರು ಬಾರದೆ ಹೋದ ಇಪ್ಪತ್ತೇಳರ ಹುಡುಗನ ಮನಸ್ಸು ಗೊತ್ತಾಗಲಿಲ್ಲ ಅಂತ ಹೇಗೆ ನಂಬಲಿ? ಬೇರೆ ಯಾರೋ ಸುಮ್ನಿದ್ದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಜಿವಾಂಶಿಯಾದರೂ ಮುಂದೆ ದೊಡ್ಡ ಹೆಸರು ಮಾಡಿದ. ಹೊಲಿಗೆ ಕೋಣೆಯ ಹೆಂಗಸರಿಗೆ ಆ ಭಾಗ್ಯವೂ ಇಲ್ಲ. 'ದಿ ಬರ್ಡ್ಸ್' ಚಿತ್ರದ ಬಹುಪಾಲು ನಾಯಕಿಗೆ ಒಂದೇ ಹಸಿರು ಸೂಟು. ಹಕ್ಕಿಗಳು ಕುಕ್ಕಿ ಹರಿಯುತ್ತವಲ್ಲ, ಅದಕ್ಕೆ ಒಂದರ ಹಾಗೇ ಇನ್ನೊಂದು, ಒಟ್ಟು ಆರು ಸೂಟು ಹೊಲಿದರು. ಒಂದೇ ಬ್ಲೌಸ್ ಎರಡು ಹೊಲಿದರೂ ತೋಳಲ್ಲಿ ಕೂದಲೆಳೆ ವ್ಯತ್ಯಾಸ ಬರುತ್ತದೆ ಅಂತ ಅಮ್ಮ ಪೇಚಾಡುತ್ತಿದ್ದದ್ದು ನನಗೆ ನೆನಪಿದೆ. ಆರನ್ನೂ ಒಂದೇ ಥರ ಹೊಲಿದ ಕೈ ಯಾವುದು?

ಎಡಿತ್ ಹೇಳುತ್ತಿದ್ದ ಕಥೆಗಳಲ್ಲಿ ಹೊಲಿಗೆ ಕೋಣೆ ಕಾಣಿಸಿಕೊಳ್ಳುವ ಪ್ರಸಿದ್ಧ ಕಥೆ ಒಂದಿದೆ. ಅದು ತಪ್ಪಾದಾಗಿನ ಕಥೆ. 1950ರ 'ಆಲ್ ಅಬೌಟ್ ಈವ್'. ನಟಿ ಬೆಟ್ಟಿ ಡೇವಿಸ್ ಪಾರ್ಟಿ ದೃಶ್ಯಕ್ಕೆ ತೊಡಬೇಕಿದ್ದ ಗೌನಿನ ಅಳತೆ ತಪ್ಪಿ, ಕತ್ತು ಅಗಲವಾಗಿಬಿಟ್ಟಿತ್ತು. ಚಿತ್ರೀಕರಣಕ್ಕೆ ಹೊತ್ತಾಗಿದೆ. ಎಡಿತ್‌ಗೆ ಕೈಕಾಲು ಆಡಲಿಲ್ಲ. ಡೇವಿಸ್ ಕನ್ನಡಿ ಮುಂದೆ ನಿಂತು ಅದನ್ನು ಎರಡೂ ಭುಜದಿಂದ ಕೆಳಗೆ ಎಳೆದುಕೊಂಡು, ಹೀಗೇ ಚೆನ್ನಾಗಿಲ್ವಾ ಅಂತ ಕೇಳಿದರು. ಭುಜ ಬಿಟ್ಟ ಆ ಗೌನು ಈಗ ಸಿನಿಮಾ ಚರಿತ್ರೆಯಲ್ಲಿ ಸೇರಿಹೋಗಿದೆ. ಆ ಚಿತ್ರಕ್ಕೂ ಆಸ್ಕರ್ ಬಂತು, ಇನ್ನೊಬ್ಬ ವಿನ್ಯಾಸಕ ಚಾರ್ಲ್ಸ್ ಲೆಮೇರ್ ಜೊತೆ ಹಂಚಿಕೊಂಡು.

ಹೋದ ತಿಂಗಳು ಈ ದೃಶ್ಯವನ್ನು ಅಮ್ಮನಿಗೆ ತೋರಿಸಿದೆ. ಇಂಗ್ಲಿಷ್ ಅವರಿಗೆ ಬರುವುದಿಲ್ಲ. ಡೇವಿಸ್ ಮೆಟ್ಟಿಲ ಹತ್ತಿರ ನಿಂತು ಹೇಳುವ ಆ ದೊಡ್ಡ ಡೈಲಾಗ್ ಮುಗಿಯುವವರೆಗೂ ಅವರ ಕಣ್ಣು ಭುಜದ ಮೇಲೇ ಇತ್ತು.

"ಇಷ್ಟು ಓಡಾಡ್ತಾಳೆ, ಜಾರ್ತಾನೇ ಇಲ್ಲ ನೋಡು. ಒಳಗಡೆಯಿಂದ ಯಾರೋ ಎರಡು ಟಾಕಾ ಹಾಕಿರ್ಬೇಕು ಕಣೆ" ಅಂದರು. "ಯಾರು ಹೊಲಿದಿದ್ದು?"

ಗೊತ್ತಿಲ್ಲಮ್ಮ ಅಂದೆ.

"ಇನ್ನೊಂದ್ಸಲ ಹಾಕು" ಅಂದು ಕನ್ನಡಕ ಒರೆಸಿಕೊಂಡರು.