ಲಕೋಟೆಯ ಲಾ ಪಾಯಿಂಟು

ಒಪ್ಪಂದಪತ್ರದ 40ನೇ ಪುಟದ ಅಡಿಟಿಪ್ಪಣಿಯಲ್ಲಿ ಅವಿತು ಕುಳಿತ ಅಲ್ಪವಿರಾಮವೊಂದನ್ನು ಪತ್ತೆಹಚ್ಚಿ ಎದುರು ಪಾರ್ಟಿಯ ಬೆವರಿಳಿಸುವುದು ಕಾನೂನು ಓದಿದವರ ಕಸುಬು. ಅದೇ ಮಹನೀಯರು ಹೊರದೇಶದ ಕಾನೂನು ಶಾಲೆಗೆ ಎಲ್‌ಎಲ್‌ಎಂ ಅರ್ಜಿ ಹಾಕಲು ಕುಳಿತಾಗ, ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿರುವ ಸೂಚನೆಯನ್ನು ಓದುವುದಿಲ್ಲ. ಓದಿದರೂ ಅದರಲ್ಲಿ ವಾದಕ್ಕೆ ಜಾಗವಿದೆಯೇ ಎಂದು ಹುಡುಕುತ್ತಾರೆ. 'ಮೊಹರು ಹಾಕಿದ ಲಕೋಟೆ' ಅಂದರೆ ಯಾರ ಮೊಹರು? ಎಷ್ಟು ಮೊಹರು? ಅಸಲಿಗೆ ಮೊಹರು ಅಂದರೇನು? ಪ್ರವೇಶ ಕಚೇರಿಯ ಗುಮಾಸ್ತರಿಗೆ ಇಂಥ ಜಿಜ್ಞಾಸೆಯೇ ಇಲ್ಲ. ಲಕೋಟೆ ಯಾರಾದರೂ ಬಿಚ್ಚಿದ್ದಾರೋ ಇಲ್ಲವೋ, ಅವರ ನ್ಯಾಯಶಾಸ್ತ್ರ ಅಲ್ಲಿಗೆ ಮುಗಿಯಿತು.

ಗೊಂದಲ ಪದವಿಯ ಹೆಸರಿನಲ್ಲೇ ಇದೆ. ಎಲ್‌ಎಲ್‌ಎಂ ಅಂದರೆ ಲ್ಯಾಟಿನ್ನಿನ 'ಲೇಗುಮ್ ಮಾಜಿಸ್ಟರ್', ಕಾನೂನಿನ ಸ್ನಾತಕೋತ್ತರ ಪದವಿ. ಕಾನೂನು ಒಂದಲ್ಲ, ಹಲವು ಎಂದು ತೋರಿಸಲು ಎಲ್ ಅಕ್ಷರ ಎರಡು ಸಲ. ಈಗೀಗ ಅಂತರ್ಜಾಲದಲ್ಲಿ ಈ ಮೂರಕ್ಷರ ಹುಡುಕಿದರೆ, ಅದೇ ಹೆಸರಿನ ಭಾಷಾ ಮಾದರಿಗಳಿಂದಾಗಿ, ಕೃತಕ ಬುದ್ಧಿಮತ್ತೆಯ ಪುರಾಣವೆಲ್ಲ ಬಿಚ್ಚಿಕೊಳ್ಳುತ್ತದೆ, ಕಾನೂನು ಶಾಲೆ ಎಲ್ಲೋ ಕೆಳಗೆ ಮುದುಡಿಕೊಂಡಿರುತ್ತದೆ. ಇನ್ನು ಅಮೆರಿಕದಲ್ಲಿ ಜೆಡಿ ಎಂಬುದು ಕಾನೂನಿನ ಮೊದಲ ಪದವಿ. ಆದರೆ ಅಲ್ಲಿನವರು ಅದಕ್ಕೆ ಸೇರುವುದು ಬೇರೊಂದು ಪದವಿ ಮುಗಿಸಿದ ಮೇಲೆ. 'ಗ್ರಾಜುಯೇಟ್' ಎಂಬ ಪದ ನಂಬಿ ಜೆಡಿ ಅರ್ಜಿಯನ್ನೇ ಅರ್ಧ ತುಂಬಿ, ಅದರ ಪ್ರವೇಶ ಪರೀಕ್ಷೆಯಾದ ಎಲ್‌ಸ್ಯಾಟ್‌ನ ಅಂಕ ಎಲ್ಲಿ ಎಂದು ಕೇಳಿದಾಗ ಹೌಹಾರುವವರಿದ್ದಾರೆ. ಎಲ್‌ಎಲ್‌ಎಂಗೆ ಸಾಮಾನ್ಯವಾಗಿ ಎಲ್‌ಸ್ಯಾಟ್ ಬೇಡ. ಕೇಳುತ್ತಿದೆ ಅಂದರೆ ತಪ್ಪು ಬಾಗಿಲು ತಟ್ಟಿದ್ದೀರೆಂದೇ ಅನುಮಾನಪಡಿ.

ಅಮೆರಿಕದ ಬಹಳಷ್ಟು ಕಾನೂನು ಶಾಲೆಗಳ ಕಾಗದಪತ್ರ ಪೆನ್ಸಿಲ್ವೇನಿಯಾದ ನ್ಯೂಟೌನಿನಲ್ಲಿರುವ ಎಲ್‌ಸ್ಯಾಕ್ (ಲಾ ಸ್ಕೂಲ್ ಅಡ್ಮಿಷನ್ ಕೌನ್ಸಿಲ್) ಎಂಬ ಸಂಸ್ಥೆಯ ಮೂಲಕ ಹೋಗುತ್ತದೆ. ಅಂಕಪಟ್ಟಿ, ಶಿಫಾರಸು ಪತ್ರ, ಇಂಗ್ಲಿಷ್ ಪರೀಕ್ಷೆಯ ಅಂಕ ಎಲ್ಲವನ್ನೂ ಒಂದೇ ಸಲ ಅಲ್ಲಿಗೆ ತಲುಪಿಸಿದರೆ, ನೀವು ಹೇಳಿದ ಶಾಲೆಗಳಿಗೆಲ್ಲ ಅವರೇ ಹಂಚುತ್ತಾರೆ. ಈ ಸೇವೆಯ ಹೆಸರು ಕ್ರೆಡೆನ್ಷಿಯಲ್ ಅಸೆಂಬ್ಲಿ ಸರ್ವಿಸ್, ಚುಟುಕಾಗಿ ಸಿಎಎಸ್. ಬ್ರಿಟನ್ನಿನಲ್ಲೂ ಒಂದು ಸಿಎಎಸ್ ಇದೆ: ಕನ್ಫರ್ಮೇಷನ್ ಆಫ್ ಆಕ್ಸೆಪ್ಟೆನ್ಸ್ ಫಾರ್ ಸ್ಟಡೀಸ್. ಅದು ಸೀಟು ಖಚಿತವಾದ ಮೇಲೆ ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ದಾಖಲೆ. ಒಂದು ಊಟದ ಎಲೆ, ಇನ್ನೊಂದು ಕೈ ತೊಳೆಯುವ ನೀರು. ಎರಡೂ ದೇಶಕ್ಕೆ ಅರ್ಜಿ ಹಾಕಿದವರು, ಇನ್ನೂ ಅರ್ಜಿ ಪರಿಶೀಲಿಸುತ್ತಿರುವ ಬ್ರಿಟನ್ನಿನ ಕಚೇರಿಗೆ 'ನನ್ನ ಸಿಎಎಸ್ ಯಾವಾಗ ಕಳಿಸುತ್ತೀರಿ' ಎಂದು ಬರೆದು, ಸೀಟು ಕೊಡುವ ಮೊದಲೇ ಅವರನ್ನು ಗಾಬರಿಪಡಿಸುವುದುಂಟು.

ನಮೂನೆಯ ಮೊದಲ ಪ್ರಶ್ನೆಯೇ ಹೆಸರು. ಸುಲಭ ಅನಿಸುತ್ತದೆ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇರುವವರನ್ನು ಕೇಳಿ ನೋಡಿ. ಕುಲನಾಮ, ಕೊಟ್ಟ ಹೆಸರು ಎರಡರ ಪಕ್ಕದಲ್ಲೂ ಕೆಂಪು ನಕ್ಷತ್ರ. ತುಂಬದೆ ಮುಂದಿನ ಪುಟವಿಲ್ಲ. ಒಬ್ಬರು ಚುಕ್ಕಿ ಇಡುತ್ತಾರೆ, ಒಬ್ಬರು ಅಡ್ಡಗೆರೆ ಎಳೆಯುತ್ತಾರೆ, ಮತ್ತೊಬ್ಬರು ಇರುವ ಹೆಸರನ್ನೇ ಎರಡು ಸಲ ಬರೆದು ಮಂತ್ರ ಮಾಡುತ್ತಾರೆ. ಅಮೆರಿಕದ ವೀಸಾದಲ್ಲಾದರೆ ಖಾಲಿ ಜಾಗಕ್ಕೆ 'ಎಫ್‌ಎನ್‌ಯು' ಎಂದು ಬರುತ್ತದೆ, ಮೊದಲ ಹೆಸರು ಗೊತ್ತಿಲ್ಲ ಎಂದು ಅರ್ಥ. ಹಾಜರಿ ಪಟ್ಟಿ ಹಿಡಿದ ಪ್ರಾಧ್ಯಾಪಕರು ಅಕ್ಕರೆಯಿಂದ 'ಫ್ನೂ' ಎಂದು ಕರೆದರೆ ಓಗೊಡಲೇಬೇಕು. ಯಾವ ಉಪಾಯ ಮಾಡಿದರೂ ಸರಿ, ಎಲ್ಲ ಕಡೆ ಅದನ್ನೇ ಮಾಡಿ. ಅರ್ಜಿಯಲ್ಲಿ ಚುಕ್ಕಿ, ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಅಡ್ಡಗೆರೆ ಹಾಕಿದರೆ ಗಣಕಯಂತ್ರಕ್ಕೆ ನೀವು ಇಬ್ಬರು: ಒಬ್ಬರಿಗೆ ಅಂಕವಿಲ್ಲ, ಇನ್ನೊಬ್ಬರಿಗೆ ಅರ್ಜಿಯಿಲ್ಲ. ಅಂಕಪಟ್ಟಿಯ ಕಾಗುಣಿತವೇ ಪಾಸ್‌ಪೋರ್ಟಿಗಿಂತ ಬೇರೆಯಿದ್ದರೆ ಅರ್ಧ ಪುಟದ ವಿವರಣೆ ಲಗತ್ತಿಸಿ. ಒಂದು ಪುಟ ದಾಟಿದರೆ ಅದು ವಿವರಣೆಯಲ್ಲ, ರಿಟ್ ಅರ್ಜಿ.

ಆಮೇಲೆ ಹುಟ್ಟಿದ ದಿನ. ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ, ದಿನ ಆಮೇಲೆ. 12ರ ನಂತರ ಹುಟ್ಟಿದವರು ಪುಣ್ಯವಂತರು. ಅಭ್ಯಾಸಬಲದಿಂದ ದಿನವನ್ನು ಮೊದಲು ಹಾಕಿದ ಕೂಡಲೇ 'ಇಂಥ ತಿಂಗಳಿಲ್ಲ' ಎಂದು ಪರದೆ ಕೆಂಪಾಗುತ್ತದೆ. 12ರೊಳಗೆ ಹುಟ್ಟಿದವರ ತಪ್ಪನ್ನು ಯಂತ್ರ ತೆಪ್ಪಗೆ ಒಪ್ಪಿಕೊಳ್ಳುತ್ತದೆ. ಏಪ್ರಿಲ್ 3ರ ಜನನ ಮಾರ್ಚ್ 4 ಆಗಿ, ತಿಂಗಳುಗಳ ಬಳಿಕ ಪಾಸ್‌ಪೋರ್ಟ್ ಪ್ರತಿಯ ಜೊತೆ ತಾಳೆ ನೋಡುವಾಗ ಹೊರಬೀಳುತ್ತದೆ. ದಿನ, ತಿಂಗಳು ಎರಡೂ ಒಂದೇ ಸಂಖ್ಯೆಯಾದವರಿಗೆ ಮಾತ್ರ ಜಗತ್ತಿನಲ್ಲಿ ನೆಮ್ಮದಿ.

ಅಂಕಪಟ್ಟಿಯದ್ದು ದೊಡ್ಡ ಅಧ್ಯಾಯ. ಬೀರುವಿನಲ್ಲಿ ಲ್ಯಾಮಿನೇಷನ್ ಮಾಡಿಸಿ ಜೋಪಾನ ಮಾಡಿದ್ದೀರಲ್ಲ, ಅದು ಅಧಿಕೃತ ಅಂಕಪಟ್ಟಿಯಲ್ಲ. (ಅದರ ಮೇಲೆ ಶಾಯಿಯ ಮೊಹರೂ ನಿಲ್ಲುವುದಿಲ್ಲ.) ಎಲ್‌ಸ್ಯಾಕ್ ಖಾತೆಯಿಂದ ಪ್ರತಿ ಸಂಸ್ಥೆಗೂ ಒಂದೊಂದು ಅಂಕಪಟ್ಟಿ ಕೋರಿಕೆ ನಮೂನೆ ಮುದ್ರಿಸಿಕೊಂಡು ಓದಿದ ವಿಶ್ವವಿದ್ಯಾಲಯಕ್ಕೆ ಕೊಡಬೇಕು. ಅವರು ಅದನ್ನು ಅಂಕಪಟ್ಟಿಯ ಜೊತೆ ಲಕೋಟೆಗೆ ಹಾಕಿ, ಅಂಟಿಸಿದ ಮಡಿಕೆಯ ಮೇಲೆ ಸಹಿಯೋ ಮೊಹರೋ ಒತ್ತಿ, ತಾವೇ ನೇರ ಕಳಿಸಬೇಕು. ನಮೂನೆ ಒಳಗೆ ಹಾಕಲು ಮರೆತರೆ ಅಂಕಪಟ್ಟಿ ನ್ಯೂಟೌನ್ ತಲುಪಿಯೂ ಯಾರದೆಂದು ತಿಳಿಯದೆ ಅನಾಥವಾಗಿ ಕೂರುತ್ತದೆ. ಒಂದೇ ಸೆಮಿಸ್ಟರ್ ವಿನಿಮಯ ವಿದ್ಯಾರ್ಥಿಯಾಗಿ ಬೇರೆ ದೇಶದಲ್ಲಿ ತಿರುಗಾಡಿ ಬಂದಿದ್ದೀರಾ? ಅಲ್ಲಿಯ ಅಂಕಪಟ್ಟಿಯನ್ನೂ ಕೇಳುವುದು ವಾಡಿಕೆ. ಆ ಸೆಮಿಸ್ಟರಿನಲ್ಲಿ ಓದು ಎಷ್ಟು ನಡೆದಿತ್ತು ಎಂಬುದು ಆಗ ನೆನಪಾಗುತ್ತದೆ.

ಅತಿ ಹೆಚ್ಚು ಮಂದಿ ಎಡವುವುದು ಅಂಕಪಟ್ಟಿಯ ಹಿಂಬದಿಯಲ್ಲಿ. ಯಾವ ಅಂಕಕ್ಕೆ ಯಾವ ದರ್ಜೆ ಎಂಬ ಕೋಷ್ಟಕ ಅನೇಕ ವಿಶ್ವವಿದ್ಯಾಲಯಗಳಲ್ಲಿ ಹಾಳೆಯ ಬೆನ್ನಿಗೆ ಮಸುಕು ಬೂದು ಬಣ್ಣದಲ್ಲಿ ಅಚ್ಚಾಗಿರುತ್ತದೆ. ಅರ್ಜಿದಾರ ಮುಂಬದಿ ಮಾತ್ರ ಸ್ಕ್ಯಾನ್ ಮಾಡುತ್ತಾನೆ. ಕಾನೂನು ಪರೀಕ್ಷೆಗಳಲ್ಲಿ ಕೈ ಬಿಗಿ ಹಿಡಿದು ಅಂಕ ಕೊಡುವ ಕಡೆ ನೂರಕ್ಕೆ 62 ಬಂದರೆ ಅದು ಮೆರವಣಿಗೆಗೆ ತಕ್ಕ ಸಾಧನೆ. ಬೇರೆಡೆ ಅದೇ 62 ಕಂಡರೆ ಪಾಪ, ಹುಷಾರಿರಲಿಲ್ಲವೇನೋ ಎಂದುಕೊಳ್ಳುತ್ತಾರೆ. ನಿಮ್ಮನ್ನು ಕಾಪಾಡಬೇಕಾದ ಸಾಕ್ಷಿ ಆ ಹಿಂಬದಿ. ಜೊತೆಗೆ ರ‍್ಯಾಂಕ್ ಪ್ರಮಾಣಪತ್ರ ಸಿಗುವುದಾದರೆ ಪಡೆಯಿರಿ. ಸ್ವಂತ ಲೆಕ್ಕ ಹಾಕಿ 62 ಅನ್ನು ಅಮೆರಿಕದವರ ನಾಲ್ಕಕ್ಕೆ ಎಣಿಸುವ ಸರಾಸರಿ ದರ್ಜೆಗೆ, ಅಂದರೆ ಜಿಪಿಎಗೆ, ಪರಿವರ್ತಿಸುವ ಉಸಾಬರಿ ಮಾತ್ರ ಬೇಡ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ತೂಗಿ ನೋಡಲು ಅಲ್ಲಿ ಬೇರೆಯೇ ಜನರಿದ್ದಾರೆ.

ಅಂಕಪಟ್ಟಿ ಇಂಗ್ಲಿಷಿನಲ್ಲಿ ಇಲ್ಲದಿದ್ದರೆ ಮೂಲ ಮತ್ತು ಪ್ರಮಾಣೀಕೃತ ಅನುವಾದ ಎರಡೂ ಬೇಕು. ಅನುವಾದ ಅರ್ಜಿದಾರನದ್ದೇ ಆಗುವಂತಿಲ್ಲ, ಅವನ ಇಂಗ್ಲಿಷ್ ಎಷ್ಟೇ ಸೊಗಸಾಗಿರಲಿ. ಅನುವಾದಕರು ಮುತುವರ್ಜಿ ವಹಿಸಿ 'ಸಾಧಾರಣ' ಎಂಬುದನ್ನು 'ಉತ್ತಮ' ಮಾಡಿಕೊಟ್ಟರೆ ಉಪಕಾರವಲ್ಲ, ವಂಚನೆಯ ಆರೋಪಕ್ಕೆ ದಾರಿ.

ಲಕೋಟೆ ಸಿದ್ಧವಾದರೂ ಕೊರಿಯರ್ ಬಾಕಿ. ಪಿಒ ಬಾಕ್ಸ್ ವಿಳಾಸಕ್ಕೆ ಖಾಸಗಿ ಕೊರಿಯರ್‌ನವರು ಹೋಗುವುದಿಲ್ಲ. ಅವರಿಗೆ ಬೀದಿ, ಕಟ್ಟಡ, ದೂರವಾಣಿ ಸಂಖ್ಯೆ ಬೇಕು. ಆದ್ದರಿಂದಲೇ ಶಾಲೆಗಳು ಅಂಚೆಗೊಂದು, ಕೊರಿಯರ್‌ಗೊಂದು ಎಂದು ಎರಡು ವಿಳಾಸ ಕೊಟ್ಟಿರುತ್ತವೆ. ಒಳಗೇನಿದೆ ಎಂಬ ಕಡೆ 'ದಾಖಲೆಗಳು, ವಾಣಿಜ್ಯ ಮೌಲ್ಯವಿಲ್ಲ' ಎಂದು ಬರೆಯಿರಿ. ಐದು ವರ್ಷದ ಬೆವರು ಇದರಲ್ಲಿದೆ ಎಂಬ ಅಭಿಮಾನಕ್ಕೆ ದೊಡ್ಡ ಮೊತ್ತ ನಮೂದಿಸಿದರೆ ಕಸ್ಟಮ್ಸ್‌ನವರಿಗೂ ಅದರ ಮೇಲೆ ಅಭಿಮಾನ ಹುಟ್ಟುತ್ತದೆ.

ವಿಶ್ವವಿದ್ಯಾಲಯಕ್ಕೆ ಹೋದಾಗ ಒಂದೇ ಲಕೋಟೆಗೆ ಹಣ ಕಟ್ಟಿ ಬರಬೇಡಿ, ಇನ್ನೆರಡು ಹೆಚ್ಚಿಗೆ ಮಾಡಿಸಿ. ಅವು ಮನೆಯಲ್ಲಿ ಕೂತಿರಲಿ. ಬಿಚ್ಚಬೇಡಿ. ಒಳಗಿರುವುದು ನಿಮಗೆ ಬಾಯಿಪಾಠವಾಗಿರುವ ನಿಮ್ಮದೇ ಅಂಕಗಳು. ಬೆಳಕಿಗೆ ಹಿಡಿದು ನೋಡುವುದು ಬೇಕಾದರೆ ಮಾಡಿ, ಅದಕ್ಕೆ ದಂಡವಿಲ್ಲ.

ಇನ್ನು ಶಿಫಾರಸು ಪತ್ರ. ಅರ್ಜಿಯ ಈ ಒಂದು ಭಾಗದ ಜುಟ್ಟು ಬೇರೆಯವರ ಕೈಯಲ್ಲಿದೆ. ಗುರುಗಳ ಇಮೇಲ್ ವಿಳಾಸ ತುಂಬಿದ ಕೂಡಲೇ ಅವರಿಗೊಂದು ಕೊಂಡಿ ಹೋಗುತ್ತದೆ, ಹೋಗಿ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಕಾಲು ಚಾಚುತ್ತದೆ. ನೀವು ಬರಲಿಲ್ಲವೆಂದು, ಅವರು ಕಳಿಸಲಿಲ್ಲವೆಂದು ಪರಸ್ಪರ ಸೌಜನ್ಯದಿಂದ ಸುಮ್ಮನಿರುತ್ತಾ ಮೂರು ವಾರ ಕಳೆಯುತ್ತದೆ. ಕೊಂಡಿ ಹೋದ ದಿನವೇ 'ಸರ್, ಈ ವಿಳಾಸದಿಂದ ಒಂದು ಮೇಲ್ ಬಂದಿರಬೇಕು' ಎಂದು ಬೇರೆ ತಿಳಿಸಿ. ಮೇಲ್‌ನಲ್ಲಿ ನಿಮ್ಮ ಸಿವಿ, ಅವರ ಬಳಿ ಓದಿದ ವಿಷಯ, ಬಂದ ಅಂಕ, ಶಾಲೆಗಳ ಪಟ್ಟಿ, ಕಡೆಯ ದಿನಾಂಕ ಎಲ್ಲ ಇರಲಿ. ಕಡೆಯ ದಿನಾಂಕವನ್ನು ಹತ್ತು ದಿನ ಮುಂಚಿತವಾಗಿ ಹೇಳುವುದು ಪಾಪವಲ್ಲ. ಗುರುಗಳೂ ಪರೀಕ್ಷೆಯ ದಿನಾಂಕದ ವಿಷಯದಲ್ಲಿ ಅದನ್ನೇ ಮಾಡುತ್ತಿದ್ದರು.

'ನೀನೇ ಬರೆದು ತಾರಪ್ಪ, ಸಹಿ ಹಾಕುತ್ತೇನೆ' ಎನ್ನುವ ಗುರುಗಳೂ ಇದ್ದಾರೆ. ಅದು ಅನುಗ್ರಹದಂತೆ ಕಾಣುತ್ತದೆ. ಆಮೇಲೆ ಏನಾಗುತ್ತದೆಂದರೆ, ಮೂವರು ಪ್ರಾಧ್ಯಾಪಕರ ಮೂರು ಪತ್ರಗಳೂ ಒಂದೇ ವಿಶೇಷಣದಲ್ಲಿ ಶುರುವಾಗಿ, ಒಂದೇ ಕಾಗುಣಿತ ತಪ್ಪು ಮಾಡಿ, ಕಡತದ ಗುಣಲಕ್ಷಣಗಳಲ್ಲಿ ಲೇಖಕನ ಹೆಸರಾಗಿ ಅರ್ಜಿದಾರನದ್ದೇ ತೋರಿಸುತ್ತವೆ. ಸಾಕ್ಷ್ಯ ಅಧಿನಿಯಮ ಓದಿದವರು ಇಷ್ಟು ಜಾಡು ಬಿಡಬಾರದು. ಬರೆದುಕೊಡಲಾರೆ, ಬೇಕಾದ ವಿವರವೆಲ್ಲ ಒದಗಿಸುತ್ತೇನೆ ಎಂದು ನಯವಾಗಿ ಹೇಳುವುದೇ ಲೇಸು. ಪತ್ರ ಲೆಟರ್‌ಹೆಡ್‌ನಲ್ಲಿದ್ದು ಸಹಿ, ದಿನಾಂಕ ಇರಲೇಬೇಕು. ಸಹಿಯಿಲ್ಲದ ಪತ್ರ ವಾಪಸ್ ಬರುತ್ತದೆ. ಪತ್ರ ನೋಡುವ ಹಕ್ಕು ಬಿಟ್ಟುಕೊಡುತ್ತೀರಾ ಎಂಬ ಪ್ರಶ್ನೆಯೂ ಅಮೆರಿಕದ ಅರ್ಜಿಯಲ್ಲಿ ಬರುತ್ತದೆ. 1974ರ ಅಲ್ಲಿಯ ಶಿಕ್ಷಣ ದಾಖಲೆಗಳ ಕಾಯ್ದೆ, ಫೆರ್ಪಾ, ದಾಖಲಾದ ವಿದ್ಯಾರ್ಥಿಗೆ ಆ ಹಕ್ಕು ಕೊಟ್ಟಿದೆ. ಹಕ್ಕು ಎಂದ ತಕ್ಷಣ ವಕೀಲರ ಮೈ ಬಿಸಿಯಾಗುವುದು ಸಹಜ. ಆದರೂ ಬಿಟ್ಟುಕೊಡುವುದೇ ರೂಢಿ, ಏಕೆಂದರೆ ನೀವು ಓದುವುದಿಲ್ಲವೆಂದು ಗೊತ್ತಾದ ಪತ್ರಕ್ಕೇ ಓದುವವರು ಬೆಲೆ ಕೊಡುವುದು.

ಇಂಗ್ಲಿಷ್ ಪರೀಕ್ಷೆಗಳಾದ ಟೋಫೆಲ್, ಐಇಎಲ್‌ಟಿಎಸ್ ಎರಡರ ಅಂಕಕ್ಕೂ ಆಯಸ್ಸು 2 ವರ್ಷ. ಟೋಫೆಲ್ ಅಂಕವನ್ನು ಪರೀಕ್ಷೆ ನಡೆಸಿದವರೇ ಎಲ್‌ಸ್ಯಾಕ್‌ನ ಇಲ್ಲವೇ ಶಾಲೆಯ ಸಂಕೇತ ಸಂಖ್ಯೆಗೆ ಕಳಿಸಬೇಕು. ಸಂಕೇತದಲ್ಲಿ ಒಂದಂಕಿ ತಪ್ಪಿದರೆ ನಿಮ್ಮ ಇಂಗ್ಲಿಷ್ ಯಾವುದೋ ಪಶುವೈದ್ಯಕೀಯ ಕಾಲೇಜಿನಲ್ಲಿ ಮೆಚ್ಚುಗೆ ಗಳಿಸೀತು.

ಸ್ವವಿವರ ಪ್ರಬಂಧದ ಬಗ್ಗೆ ಹೇಳುವುದು ಒಂದೇ: ಐದು ಶಾಲೆಗೆ ಐದು ಪ್ರತಿ ಮಾಡುವಾಗ ಎರಡನೇ ಶಾಲೆಯ ಹೆಸರು ನಾಲ್ಕನೆಯದರ ಕೊನೆಯ ಪ್ಯಾರಾದಲ್ಲಿ ಉಳಿಯುತ್ತದೆ. ಮೊದಲ ಪ್ಯಾರಾದಲ್ಲಿ ಎಲ್ಲರೂ ಬದಲಿಸುತ್ತಾರೆ. ಉಳಿಯುವುದು ಕೊನೆಯದರಲ್ಲೇ, ಯಾಕೆಂದರೆ ಅಲ್ಲಿಗೆ ಬರುವಷ್ಟರಲ್ಲಿ ಬೆಳಗಿನ ಜಾವ. ಕಳಿಸುವ ಮುನ್ನ ಉಳಿದ ನಾಲ್ಕು ಹೆಸರುಗಳನ್ನೂ ಕಡತದಲ್ಲಿ ಹುಡುಕಿ. ವರ್ಡ್ ಕಡತದ ಪಕ್ಕದಲ್ಲಿ ಸ್ನೇಹಿತ ಬರೆದ 'ಇದು ಸುಳ್ಳಲ್ವಾ?' ಎಂಬ ಟಿಪ್ಪಣಿ ಪಿಡಿಎಫ್‌ಗೂ ದಾಟಿ ಹೋಗಬಲ್ಲದು. ಸ್ಕ್ಯಾನ್ 300 ಡಿಪಿಐ, ಬೂದು ಬಣ್ಣದಲ್ಲಿ ಸಾಕು. 600ರ ಬಣ್ಣದ ಪ್ರತಿ ಗಾತ್ರದ ಮಿತಿ ಮೀರುತ್ತದೆ. ಪಾಸ್‌ವರ್ಡ್ ಇರುವ ಪಿಡಿಎಫ್ ಯಾರೂ ತೆರೆಯುವುದಿಲ್ಲ. ಫೋನಿನಲ್ಲಿ ತೆಗೆದರೆ ಹೆಬ್ಬೆರಳು ಪುಟದ ಅಂಚಿನಲ್ಲಿ ಇಣುಕದಂತೆ ನೋಡಿ, ಅದನ್ನು ಯಾವ ಕಾನೂನು ಶಾಲೆಯೂ ಹೆಬ್ಬೆಟ್ಟಿನ ಸಹಿ ಎಂದು ಒಪ್ಪಿಕೊಂಡಿಲ್ಲ.

ಕಡೆಯ ದಿನಾಂಕದಲ್ಲಿ ಗಂಟೆಯೂ ಅಡಗಿದೆ. ಅಮೆರಿಕದ ರಾತ್ರಿ 11:59 ಅಂದರೆ ಪೂರ್ವ ಕರಾವಳಿಯದ್ದೋ ಪಶ್ಚಿಮದ್ದೋ, ನಡುವೆ 3 ಗಂಟೆ ಅಂತರವಿದೆ. ನವೆಂಬರಿನ ಮೊದಲ ಭಾನುವಾರ ಅವರ ಗಡಿಯಾರ ಒಂದು ಗಂಟೆ ಹಿಂದೆ ಸರಿಯುತ್ತದೆ. ಆಕ್ಸ್‌ಫರ್ಡ್‌ನದ್ದು ಬ್ರಿಟನ್ ಸಮಯದ ಮಧ್ಯಾಹ್ನ 12. ಮಧ್ಯರಾತ್ರಿಯೆಂದು ನಂಬಿ ಸಂಜೆ ಕೂತವರಿಗೆ ಮುಚ್ಚಿದ ಪುಟ ಕಾದಿರುತ್ತದೆ. ಕೊನೆಯ ಗಂಟೆಯಲ್ಲಿ ಶುಲ್ಕ ಕಟ್ಟಲು ಹೋದರೆ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಪಾವತಿ ಚಾಲೂ ಆಗಿಲ್ಲವೆಂದು ತಿಳಿಯುವುದೂ ಆಗಲೇ.

ಸಲ್ಲಿಸಿದ ಮೇಲೂ ಖಾತೆಯಲ್ಲಿ 'ಅಪೂರ್ಣ' ಎಂದೇ ಇರುತ್ತದೆ. ಅಂಕಪಟ್ಟಿ ತಲುಪಿ, ದಾಖಲಾಗಿ, ಮೌಲ್ಯಮಾಪನವಾಗಲು ವಾರಗಳೇ ಬೇಕು. ದಿನಕ್ಕೊಂದು ಮೇಲ್ ಬರೆದರೆ ವೇಗ ಹೆಚ್ಚುವುದಿಲ್ಲ, ಹೆಸರು ಮಾತ್ರ ಎಲ್ಲರಿಗೂ ಪರಿಚಯವಾಗುತ್ತದೆ. ಬ್ರಿಟನ್ ವೀಸಾಕ್ಕೆ ಬ್ಯಾಂಕ್ ಖಾತೆ ತೋರಿಸಬೇಕಾದವರಿಗೆ ಇನ್ನೊಂದು ವ್ರತವಿದೆ: ನಿಗದಿತ ಮೊತ್ತ ಸತತ 28 ದಿನ ಖಾತೆಯಲ್ಲಿ ಕದಲದೆ ಇರಬೇಕು. 27ನೇ ದಿನ ಮನೆಯವರ್ಯಾರೋ ಅದೇ ಖಾತೆಯಿಂದ ವಿದ್ಯುತ್ ಬಿಲ್ ಕಟ್ಟಿ ಮೊತ್ತ ಕೆಳಗಿಳಿದರೆ, ಮತ್ತೆ ಒಂದರಿಂದ ಎಣಿಕೆ.

ಅಂತೂ ಒಂದು ದಿನ ಅಭಿನಂದನಾ ಪತ್ರ ಬರುತ್ತದೆ. ಮನೆಮಂದಿಯೆಲ್ಲ ಮೊದಲ ಸಾಲು ಓದಿ ಕುಣಿಯುತ್ತಾರೆ. ಎರಡನೇ ಪುಟದ ಕೊನೆಗೆ ಸಣ್ಣ ಅಕ್ಷರದಲ್ಲಿ, ಪದವಿ ಪೂರ್ಣಗೊಂಡ ಅಧಿಕೃತ ಅಂಕಪಟ್ಟಿಯನ್ನು ಮೊಹರು ಮುರಿಯದ ಲಕೋಟೆಯಲ್ಲಿ ತಲುಪಿಸಿದರಷ್ಟೇ ಈ ಸೀಟು ನಿಮ್ಮದು ಎಂದಿರುತ್ತದೆ. ಅದಕ್ಕೇನು, ಎರಡು ಹೆಚ್ಚಿಗೆ ಮಾಡಿಸಿ ಇಟ್ಟದ್ದು ಇದೆಯಲ್ಲ ಎಂದು ಬೀರು ತೆರೆದರೆ, ಒಂದನ್ನು ನೆಂಟರಿಗೆ ತೋರಿಸಲೆಂದು ಅಪ್ಪ ಬಿಚ್ಚಿದ್ದಾರೆ. ಇನ್ನೊಂದನ್ನು, ಹಾಳಾಗದಿರಲಿ ಎಂದು, ಲಕೋಟೆಯಿಂದ ತೆಗೆದು ಲ್ಯಾಮಿನೇಷನ್ ಮಾಡಿಸಿದ್ದಾರೆ.