ಕಲ್ಲು ಹಿಡಿದ ಕೈಗೆ ಬೇರೆ ಕೆಲಸ ಕೊಡೋಣ

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನಮ್ಮ ಶಾಲೆಯ ಗೇಟಿನ ಹತ್ತಿರ ಮಕ್ಕಳು ಗುಂಪು ಕಟ್ಟಿಕೊಂಡು ನಿಂತಿದ್ದರು. ಹೋಗಿ ನೋಡಿದರೆ ಐದನೇ ಕ್ಲಾಸಿನ ಒಬ್ಬ ಹುಡುಗ ಉದ್ದನೆ ಕೋಲಿನ ತುದಿಗೆ ಸತ್ತ ಹಾವನ್ನು ನೇತು ಹಾಕಿಕೊಂಡಿದ್ದ. ಕೇರೆ ಹಾವು. ಆರಡಿ ಇತ್ತೇನೋ. ತಲೆ ಜಜ್ಜಿ ಹೋಗಿತ್ತು. "ಮಿಸ್, ಮೊದಲ ಏಟು ನಂದೇ" ಅಂದ. ಅವನ ಮುಖದಲ್ಲಿ ಕೋಪ ಇರಲಿಲ್ಲ, ಭಯವೂ ಇರಲಿಲ್ಲ. ಓಟದ ಪಂದ್ಯದಲ್ಲಿ ಗೆದ್ದು ಬಂದವನ ಖುಷಿ ಇತ್ತು.

ನನಗೆ ಹೊಟ್ಟೆ ತೊಳಸಿದ ಹಾಗಾಯಿತು. ಪ್ರಾರ್ಥನೆ ಮುಗಿದ ಮೇಲೆ ಎಲ್ಲರನ್ನೂ ಕೂರಿಸಿ ಅರ್ಧ ಗಂಟೆ ಮಾತಾಡಿದೆ. ಅದಕ್ಕೂ ನೋವಾಗುತ್ತದೆ, ಅದಕ್ಕೂ ಜೀವ ಇದೆ, ನಿಮಗೆ ಯಾರಾದರೂ ಹಾಗೆ ಹೊಡೆದರೆ ಹೇಗಿರುತ್ತದೆ ಅಂತೆಲ್ಲ ಹೇಳಿದೆ. ಮಕ್ಕಳು ಕೈಕಟ್ಟಿ ಕೇಳಿದರು. "ಇನ್ನು ಹೊಡೆಯಲ್ಲ ಮಿಸ್" ಅಂತ ರಾಗವಾಗಿ ಹೇಳಿದರು. ಮಾರನೇ ದಿನ ಊಟದ ಬೆಲ್ ಆದ ಮೇಲೆ ಅದೇ ಹುಡುಗರು ಕಾಂಪೌಂಡ್ ಮೇಲೆ ಕೂತಿದ್ದ ಓತಿಕ್ಯಾತಕ್ಕೆ ಗುರಿಯಿಟ್ಟು ಕಲ್ಲು ಬೀರುತ್ತಿದ್ದರು.

ಅವತ್ತಿನಿಂದ ಈ ವಿಷಯ ನನ್ನ ತಲೆಯಲ್ಲಿ ಕೂತಿದೆ. ಮಕ್ಕಳಿಗೆ ದಯೆ ಕಲಿಸೋದು ಹೇಗೆ? ಮಾತಿನಿಂದ ಆಗಲ್ಲ ಅನ್ನೋದಂತೂ ಕಣ್ಣೆದುರಿಗೇ ಕಂಡಿತು.

ಪುಸ್ತಕದಲ್ಲಿ ಇಲ್ಲ ಅಂತಲ್ಲ. ನಮ್ಮ ಸಂವಿಧಾನಕ್ಕೆ 1976ರ 42ನೇ ತಿದ್ದುಪಡಿಯಲ್ಲಿ ಮೂಲಭೂತ ಕರ್ತವ್ಯಗಳನ್ನು ಸೇರಿಸಿದರು. ಅದರಲ್ಲಿ ಕಾಡು, ಕೆರೆ, ನದಿ, ವನ್ಯಜೀವಿಗಳನ್ನು ಕಾಪಾಡಬೇಕು, ಜೀವಿಗಳ ಬಗ್ಗೆ ದಯೆ ಇರಬೇಕು ಅಂತ ಸ್ಪಷ್ಟವಾಗಿ ಬರೆದಿದೆ. ದೇಶದ ಸಂವಿಧಾನದಲ್ಲೇ ದಯೆಯ ಮಾತು ಬರುವುದು ನನಗೆ ಬಹಳ ಹೆಮ್ಮೆಯ ವಿಷಯ. ಆದರೆ ಮಕ್ಕಳಿಗೆ ಅದು ಪಟ್ಟಿ ಮಾಡಿ ಬರೆಯುವ ಒಂದು ಉತ್ತರ. ಹಾವು ಹೊಡೆದ ಹುಡುಗ ಆ ಪ್ರಶ್ನೆ ಬಂದರೆ ತಪ್ಪಿಲ್ಲದೆ ಬರೆಯುತ್ತಾನೆ. ಪೂರ್ತಿ ಅಂಕ ಕೊಡಲೇಬೇಕು. ಪ್ರಾಣಿಹಿಂಸೆ ತಡೆ ಕಾಯ್ದೆ 1960ರಿಂದಲೇ ಇದೆ. ಮೊದಲ ಸಲದ ತಪ್ಪಿಗೆ ಅದರಲ್ಲಿ ಇಟ್ಟಿರುವ ದಂಡ 10ರಿಂದ 50 ರೂಪಾಯಿ. ಕಾನೂನು ಬಂದು ಮಕ್ಕಳ ಮನಸ್ಸು ತಿದ್ದುತ್ತದೆ ಅಂತ ಕಾಯುವ ಹಾಗಿಲ್ಲ.

ಆ ರಾತ್ರಿ ನನ್ನ ಬಾಲ್ಯ ನೆನಪಾಯಿತು. ನಾವು ಜೀರ್ಜಿಂಬೆ ಹಿಡಿದು ಬೆಂಕಿಪೊಟ್ಟಣದಲ್ಲಿ ಇಡುತ್ತಿದ್ದೆವು. ಜಾಲಿ ಸೊಪ್ಪು ಹಾಕಿ, ಮೊಟ್ಟೆ ಇಡುತ್ತದಾ ಅಂತ ದಿನಕ್ಕೆ ಹತ್ತು ಸಲ ತೆಗೆದು ನೋಡುತ್ತಿದ್ದೆವು. ಹೆಲಿಕಾಪ್ಟರ್ ಚಿಟ್ಟೆಯ ಬಾಲಕ್ಕೆ ದಾರ ಕಟ್ಟಿ ಹಾರಿಸುತ್ತಿದ್ದೆವು. ಇದನ್ನು ಓದುತ್ತಿರುವ ನಿಮ್ಮಲ್ಲೂ ಎಷ್ಟೋ ಜನ ಮಾಡಿರುತ್ತೀರಿ, ಅಲ್ವಾ? ಆಗ ನಮ್ಮಲ್ಲಿ ಇದ್ದದ್ದು ಕ್ರೌರ್ಯ ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ಆ ಹಸಿರು ಹೊಳಪು ನೋಡುವ ಆಸೆ ಇತ್ತು. ಅದು ಏನು, ಹೇಗೆ ಬದುಕುತ್ತದೆ ಅಂತ ತಿಳಿಯುವ ಆಸೆ ಇತ್ತು. ಹೇಳಿಕೊಡುವವರು ಇರಲಿಲ್ಲ. ಹುಳ ಸಾಯುತ್ತಿತ್ತು, ನಾವು ಇನ್ನೊಂದು ಹಿಡಿಯುತ್ತಿದ್ದೆವು.

ಪಕ್ಷಿತಜ್ಞ ಸಲೀಂ ಅಲಿ ಅವರ ಕಥೆ ಗೊತ್ತಿರಬಹುದು. ಹತ್ತು ಹನ್ನೆರಡು ವರ್ಷದ ಹುಡುಗ. ಏರ್‌ಗನ್‌ನಲ್ಲಿ ಒಂದು ಗುಬ್ಬಿ ಹೊಡೆದ. ಕತ್ತಿನ ಹತ್ತಿರ ಹಳದಿ ಮಚ್ಚೆ ಇತ್ತು. ಇದು ಯಾವ ಗುಬ್ಬಿ ಅಂತ ಕೇಳಿಕೊಂಡು ಮುಂಬೈನ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ. ಅಲ್ಲಿ ಕಾರ್ಯದರ್ಶಿಯಾಗಿದ್ದ ಮಿಲ್ಲಾರ್ಡ್ ಅವರು ಹಕ್ಕಿಯ ಹೆಸರು ಹೇಳಿದರು. ಆಮೇಲೆ ಅಲ್ಲಿ ಜೋಪಾನ ಮಾಡಿದ್ದ ಹಕ್ಕಿಗಳನ್ನು ಒಂದೊಂದಾಗಿ ತೋರಿಸಿದರು. ಆ ಹುಡುಗ ದೇಶದ ಹಕ್ಕಿಗಳಿಗಾಗಿ ಇಡೀ ಜೀವನ ಸವೆಸಿದ. ಬಾಗಿಲಲ್ಲೇ ನಿಲ್ಲಿಸಿ ಬೈದು ಕಳಿಸಿದ್ದರೆ ಏನಾಗುತ್ತಿತ್ತು ಅಂತ ನಾನು ಆಗಾಗ ಯೋಚಿಸುತ್ತೇನೆ. ನಮ್ಮ ಹುಡುಗ ಹಾವು ತಂದಾಗ ನಾನು ಬೈದೆ. ಹಾವಿನ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ.

ಮುಂದಿನ ವಾರ ಹಾವು ಹಿಡಿದು ಕಾಡಿಗೆ ಬಿಡುವ ಒಬ್ಬರನ್ನು ಶಾಲೆಗೆ ಕರೆಸಿದೆ. ಅವರು ಹಾವು ತರಲಿಲ್ಲ. ಹಿಡಿದ ಹಾವನ್ನು ಪ್ರದರ್ಶನ ಮಾಡಬಾರದು ಅಂತ ಹೇಳಿ ಫೋಟೋ ತಂದಿದ್ದರು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ವಿಷ ಇರುವ ಈ ನಾಲ್ಕನ್ನು ಗುರುತು ಹಿಡಿಯೋದು ಹೇಗೆ, ಕಂಡರೆ ಎಷ್ಟು ದೂರ ನಿಲ್ಲಬೇಕು, ಕಚ್ಚಿದರೆ ಮಂತ್ರ ಹಾಕಿಸದೆ, ಬಾಯಿಟ್ಟು ಹೀರದೆ ಸೀದಾ ಆಸ್ಪತ್ರೆಗೆ ಹೋಗಬೇಕು ಅಂತ ಹೇಳಿದರು. ಆಮೇಲೆ ಕೇರೆ ಹಾವಿನ ಫೋಟೋ ತೋರಿಸಿದರು. ಇದಕ್ಕೆ ಹೆಡೆ ಇಲ್ಲ, ವಿಷ ಇಲ್ಲ. ಇದು ನಾಗರಹಾವಿನ ಜೋಡಿ ಅನ್ನೋದು ಸುಳ್ಳು. ಹಗಲು ಹೊತ್ತು ಓಡಾಡಿ ಇಲಿ ಹಿಡಿಯುತ್ತದೆ. ಗದ್ದೆ ಬದುವಿನಲ್ಲಿ, ಹುಲ್ಲಿನ ಮೆದೆಯಲ್ಲಿ ಇದು ಕಾಣೋದು ಅದಕ್ಕೇ.

ಹುಡುಗ ತುಂಬ ಹೊತ್ತು ಸುಮ್ನೆ ಕೂತಿದ್ದ. ಕೊನೆಗೆ ಎದ್ದು ನಿಂತು ಕೇಳಿದ. "ಸಾರ್, ಒಂದು ಕೇರೆ ಹಾವು ಎಷ್ಟು ಇಲಿ ತಿನ್ನುತ್ತೆ?" ಅವರ ಮನೆಯಲ್ಲಿ ಭತ್ತದ ಚೀಲಕ್ಕೆ ಇಲಿ ಕಾಟ ಜಾಸ್ತಿಯಂತೆ. ಅಪ್ಪ ಪಾಷಾಣ ಇಟ್ಟು, ಅದನ್ನು ತಿಂದ ಇಲಿಯನ್ನು ಅವರ ಬೆಕ್ಕು ತಿಂದು ಸತ್ತಿತ್ತಂತೆ. ಇದನ್ನೆಲ್ಲ ಅವತ್ತು ಅವನೇ ಹೇಳಿದ. ಬೆಕ್ಕಿನ ವಿಷಯ ಹೇಳುವಾಗ ಅವನ ದನಿ ನಡುಗಿತು. ದಯೆ ಇಲ್ಲದ ಹುಡುಗ ಅಂತ ನಾನು ಅಂದುಕೊಂಡಿದ್ದೆ. ಬೆಕ್ಕಿನ ಪರಿಚಯ ಇತ್ತು, ಹಾವಿನ ಪರಿಚಯ ಇರಲಿಲ್ಲ, ಅಷ್ಟೇ.

ಫೆಬ್ರವರಿಯಲ್ಲಿ ಮಕ್ಕಳನ್ನು ಕೊಕ್ಕರೆ ಬೆಳ್ಳೂರಿಗೆ ಕರೆದುಕೊಂಡು ಹೋದೆವು. ಮದ್ದೂರು ತಾಲ್ಲೂಕು, ಶಿಂಷಾ ನದಿ ಹತ್ತಿರದ ಊರು. ಪಕ್ಷಿಧಾಮ ಅಂದರೆ ಬೇಲಿ, ಟಿಕೆಟ್ ಕೌಂಟರ್, ದೂರದಲ್ಲೊಂದು ನಡುಗಡ್ಡೆ ಅಂತ ಮಕ್ಕಳು ಅಂದುಕೊಂಡಿದ್ದರು. ಇಲ್ಲಿ ಹಕ್ಕಿ ಇರೋದು ಊರೊಳಗೆ. ಮನೆ ಮುಂದಿನ ಹುಣಸೆ ಮರದಲ್ಲಿ, ಬೀದಿಯ ಅರಳಿ ಮರದಲ್ಲಿ. ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆ ಚಳಿಗಾಲದಲ್ಲಿ ಬಂದು ಗೂಡು ಕಟ್ಟಿ, ಮರಿ ಮಾಡಿ, ಮಳೆಗಾಲ ಶುರುವಾಗುವ ಹೊತ್ತಿಗೆ ಹೊರಡುತ್ತವೆ. ಹಿಂದೆ ಪ್ಲೇಗ್ ಬಂದು ಊರೇ ಜಾಗ ಬದಲಿಸಿದಾಗ ಹಕ್ಕಿಗಳೂ ಹಿಂದೆಯೇ ಬಂದವು ಅಂತ ಊರಿನವರು ಹೇಳುತ್ತಾರೆ.

ನಿಜ ಹೇಳಬೇಕೆಂದರೆ ಮೊದಲು ಮಕ್ಕಳಿಗೆ ಕಂಡಿದ್ದು ಹಿಕ್ಕೆ. ನೆಲದ ಮೇಲೆ, ಹೆಂಚಿನ ಮೇಲೆ, ಎಲ್ಲ ಕಡೆ ಬೆಳ್ಳಗೆ. ಮೀನಿನ ವಾಸನೆ. ಒಬ್ಬಳ ಯೂನಿಫಾರ್ಮ್ ಮೇಲೂ ಬಿತ್ತು. ಒಂದು ಮನೆ ಮುಂದೆ ಅಜ್ಜಿಯೊಬ್ಬರು ಮರದ ಕೆಳಗೆ ಗುಡಿಸುತ್ತಿದ್ದರು. ನಮ್ಮ ಹುಡುಗಿ ಕೇಳೇಬಿಟ್ಟಳು. "ಅಜ್ಜಿ, ದಿನಾ ಗಲೀಜು ಆಗಲ್ವಾ?"

"ಆಯ್ತದೆ ಕಣ್ಮಗಾ. ಮಗಳು ಬಾಣಂತನಕ್ಕೆ ಬಂದ್ರೆ ಮನೆ ಗಲೀಜಾಗಾಕಿಲ್ವಾ?"

ಅಷ್ಟೇ ಹೇಳಿ ಮತ್ತೆ ಪೊರಕೆ ಆಡಿಸಿದರು. ತವರಿಗೆ ಹೆರಿಗೆಗೆ ಬಂದ ಹೆಣ್ಣುಮಕ್ಕಳು ಅಂತ ಆ ಊರಿನವರು ಈ ಹಕ್ಕಿಗಳನ್ನು ಕರೆಯೋದನ್ನು ನಾನು ಓದಿದ್ದೆ. ಆದರೆ ಬೆಳಗಿನ ಬಿಸಿಲಲ್ಲಿ ಸೊಂಟ ಬಗ್ಗಿಸಿ ಗುಡಿಸುವವರ ಬಾಯಲ್ಲಿ ಕೇಳೋದೇ ಬೇರೆ. ಹುಣಸೆ ಹಣ್ಣು ಬಡಿಯುವ ಕಾಲಕ್ಕೆ ಸರಿಯಾಗಿ ಗೂಡಲ್ಲಿ ಮರಿ ಇರುತ್ತದೆ. ಅದಕ್ಕೆ ಗೂಡಿರುವ ಮರಗಳ ಹಣ್ಣು ಬಡಿಯದೆ ಬಿಡುತ್ತಾರೆ. ಅರಣ್ಯ ಇಲಾಖೆ ಅದಕ್ಕೆ ಒಂದಿಷ್ಟು ಹಣ ಕೊಡುತ್ತದೆ, ದೊಡ್ಡ ಮೊತ್ತವೇನಲ್ಲ. ಹಿಕ್ಕೆ ಬಿದ್ದ ಮಣ್ಣನ್ನು ಹೊಲಕ್ಕೆ ಗೊಬ್ಬರ ಮಾಡಿಕೊಳ್ಳುತ್ತಾರೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು. ಊರಿನವರು ಅದಕ್ಕಿಂತ ಎಷ್ಟೋ ತಲೆಮಾರು ಹಿಂದಿನಿಂದಲೇ ಇದನ್ನು ಮಾಡಿಕೊಂಡು ಬಂದಿದ್ದರು.

ಗೂಡಿನಿಂದ ಮರಿ ಕೆಳಗೆ ಬೀಳುವುದುಂಟು. ಬಿದ್ದ ಮರಿಯನ್ನು ತಾಯಿ ಹಕ್ಕಿ ಮೇಲೆ ಎತ್ತಿಕೊಂಡು ಹೋಗಲಾರದು. ಊರಿನ ಯುವಕರು 'ಹೆಜ್ಜಾರ್ಲೆ ಬಳಗ' ಅಂತ ಕಟ್ಟಿಕೊಂಡು ಅಂಥ ಮರಿಗಳನ್ನು ಎತ್ತಿ ತಂದು, ಮೀನು ತಿನ್ನಿಸಿ, ರೆಕ್ಕೆ ಬಲಿತು ಹಾರುವ ತನಕ ಸಾಕುತ್ತಾ ಬಂದರು. ಹಾವು ಹೊಡೆದ ನಮ್ಮ ಹುಡುಗ ಬಸ್ಸಿನಲ್ಲಿ ವಾಪಸ್ ಬರುವಾಗ ಒಂದೇ ಪ್ರಶ್ನೆ ಕೇಳಿದ. "ಮಿಸ್, ಆ ಊರಿನ ಹುಡುಗರು ಕವಣೆ ಹೊಡೆಯೋದೇ ಇಲ್ವಾ?" ಅಲ್ಲಿನ ಮಕ್ಕಳು ಅಜ್ಜಿ ಬೈದುಕೊಳ್ಳದೆ ಗುಡಿಸೋದನ್ನು ದಿನಾ ನೋಡುತ್ತಾರಪ್ಪ ಅಂದೆ. ಬೇರೆ ಉತ್ತರ ನನಗೂ ಹೊಳೆಯಲಿಲ್ಲ.

ಆದರೆ ಅಕ್ಕರೆ ಇದ್ದರೆ ಸಾಕು ಅಂತಲೂ ನಾನು ಹೇಳುವುದಿಲ್ಲ. 2017ರ ಕೊನೆಯಿಂದ 2018ರವರೆಗೆ ಅದೇ ಊರಿನಲ್ಲಿ ಹೆಜ್ಜಾರ್ಲೆಗಳು ಒಂದಾದ ಮೇಲೊಂದು ಸತ್ತವು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ಜಂತುಹುಳು ಸಿಕ್ಕವು. ಹಕ್ಕಿ ಮಲಗೋದು ಬೆಳ್ಳೂರಿನ ಮರದಲ್ಲಿ, ಮೀನು ಹಿಡಿಯೋದು ಸುತ್ತಲಿನ ಕೆರೆಗಳಲ್ಲಿ. ಆ ಕೆರೆಗಳ ನೀರು ಹೇಗಿದೆ ಅನ್ನೋದು ಅಜ್ಜಿಯ ಪೊರಕೆಗೆ ನಿಲುಕುವ ವಿಷಯ ಅಲ್ಲ. ನಾನು ಇದನ್ನೂ ಮಕ್ಕಳಿಗೆ ಹೇಳಿದೆ. ಮಾರನೇ ವಾರ ಅವರೇ ನಮ್ಮೂರ ಕೆರೆ ಕೋಡಿಗೆ ಹೋಗಿ, ಯಾವ ಯಾವ ಚರಂಡಿ ಬಂದು ಸೇರುತ್ತದೆ ಅಂತ ನಕ್ಷೆ ಬರೆದುಕೊಂಡು ಬಂದರು. ಆ ನಕ್ಷೆಯನ್ನು ಪಟ್ಟಣ ಪಂಚಾಯಿತಿಗೆ ಕೊಟ್ಟಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಮಕ್ಕಳು ವಾರಕ್ಕೊಮ್ಮೆ ಕೇಳುತ್ತಾರೆ, ನಾನು ಹೋಗಿ ವಿಚಾರಿಸುತ್ತೇನೆ.

ನಾಯಿಗಳ ಬಗ್ಗೆ ಹೇಳಲೇಬೇಕು. ಬೀದಿನಾಯಿ ಅಂದ ಕೂಡಲೇ ದೊಡ್ಡವರು ಎರಡು ಗುಂಪಾಗಿ ಕಿತ್ತಾಡುತ್ತಾರೆ. ಮಕ್ಕಳಿಗೆ ಬೇಕಾಗಿರೋದು ಆ ಜಗಳ ಅಲ್ಲ. ಮರಿ ಹಾಕಿದ ನಾಯಿಯ ಹತ್ತಿರ ಹೋಗಬಾರದು, ತಿನ್ನುವ ನಾಯಿಯನ್ನು ಮುಟ್ಟಬಾರದು, ಅಟ್ಟಿಸಿಕೊಂಡು ಬಂದರೆ ಓಡದೆ ನಿಲ್ಲಬೇಕು, ದೀಪಾವಳಿಯಲ್ಲಿ ಬಾಲಕ್ಕೆ ಪಟಾಕಿ ಕಟ್ಟಬಾರದು. ಕಚ್ಚಿದರೆ, ಪರಚಿದರೂ ಸರಿ, ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಎಲ್ಲಕ್ಕಿಂತ ಮುಖ್ಯ, ಮನೆಯಲ್ಲಿ ಹೇಳಬೇಕು. ಎಷ್ಟೋ ಮಕ್ಕಳು ಬೈಯುತ್ತಾರೆ ಅಂತ ಹೆದರಿ ನಾಯಿ ಕಚ್ಚಿದ್ದನ್ನು ಮುಚ್ಚಿಡುತ್ತಾರೆ. ರೇಬಿಸ್ ಒಮ್ಮೆ ಕಾಣಿಸಿಕೊಂಡರೆ ಉಳಿಸಿಕೊಳ್ಳೋದು ಹೆಚ್ಚುಕಡಿಮೆ ಅಸಾಧ್ಯ. ದಯವಿಟ್ಟು ಇವತ್ತೇ ನಿಮ್ಮ ಮಕ್ಕಳಿಗೆ ಹೇಳಿ, "ಏನೇ ಆಗಲಿ ಬಂದು ಹೇಳು, ಬೈಯಲ್ಲ" ಅಂತ. ಹೇಳಿದ ಮೇಲೆ ನಿಜವಾಗಿಯೂ ಬೈಯಬೇಡಿ.

ಇನ್ನು ಮನುಷ್ಯರ ವಿಷಯ. ನಮ್ಮ ಕ್ಲಾಸಿನ ಒಂದು ಹುಡುಗಿಯ ಅಮ್ಮ ಪೌರಕಾರ್ಮಿಕರು. ಒಂದು ದಿನ ಬಲಗೈಗೆ ಬಟ್ಟೆ ಸುತ್ತಿಕೊಂಡು ಮಗಳನ್ನು ಬಿಡಲು ಬಂದಿದ್ದರು. ಯಾರೋ ಕಸದ ಚೀಲಕ್ಕೆ ಒಡೆದ ಗಾಜನ್ನು ಹಾಗೇ ಹಾಕಿದ್ದರು. ಅಂಗೈ ಉದ್ದಕ್ಕೂ ಸೀಳಿತ್ತು. ಹೊಲಿಗೆ ಹಾಕಿಸಿಕೊಂಡು ಮಾರನೇ ದಿನವೇ ಕೆಲಸಕ್ಕೆ ಹೋಗಿದ್ದರು. ಅವರನ್ನು ಒಳಗೆ ಕರೆದು ಕುರ್ಚಿ ಹಾಕಿ ಕೂರಿಸಿದೆ. ಮಕ್ಕಳು ಸುತ್ತ ಕೂತು ಕೇಳಿದರು. ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ ಅಕ್ಕ? ಕೈಗವಸು ಕೊಡಲ್ವಾ? ಕಸದಲ್ಲಿ ಏನೇನು ಸಿಗುತ್ತದೆ? ಅವರು ಯಾವುದನ್ನೂ ಮುಚ್ಚಿಡದೆ ಹೇಳಿದರು. ಅವತ್ತು ಮಗಳ ಮುಖ ನೋಡಬೇಕಿತ್ತು. ಕೆಲವು ಮಕ್ಕಳು ಅವಳ ಪಕ್ಕ ಕೂರಲು ಹಿಂಜರಿಯುತ್ತಿದ್ದದ್ದು ನನ್ನ ಗಮನಕ್ಕೆ ಬಂದಿತ್ತು. ಅದಕ್ಕೂ ಮೊದಲು ಎರಡು ಸಲ ನೀತಿ ಹೇಳಿದ್ದೆ, ಏನೂ ಆಗಿರಲಿಲ್ಲ. ಅವತ್ತು ಮಧ್ಯಾಹ್ನ ಬಿಸಿಯೂಟಕ್ಕೆ ಅವಳ ಎರಡೂ ಪಕ್ಕ ತಟ್ಟೆ ಇತ್ತು.

ಈಗ ನಮ್ಮ ಕ್ಲಾಸಿನ ಮನೆಗಳಲ್ಲಿ ಒಡೆದ ಗಾಜು, ಬ್ಲೇಡು ಎಲ್ಲ ದಪ್ಪ ಪೇಪರಿನಲ್ಲಿ ಸುತ್ತಿ, ಮೇಲೆ ಪೆನ್ನಿನಲ್ಲಿ 'ಗಾಜು ಇದೆ' ಅಂತ ಬರೆದು ಬೇರೆಯಾಗಿ ಕೊಡುತ್ತಾರೆ. ಬರೆಯೋದು ಮಕ್ಕಳ ಕೆಲಸ. ಒಬ್ಬ ಪುಟಾಣಿ 'ಗಾಜು ಇದೆ ಅಕ್ಕ, ಹುಷಾರು' ಅಂತ ಬರೆದಿದ್ದಾನೆ ಅಂತ ಅವರಮ್ಮ ಫೋನ್ ಮಾಡಿ ಹೇಳಿದರು. ನಾನು ಫೋನ್ ಇಟ್ಟು ಸ್ವಲ್ಪ ಹೊತ್ತು ಅತ್ತೆ.

ಸಾಲುಮರದ ತಿಮ್ಮಕ್ಕ ತೀರಿಕೊಂಡಿದ್ದು 2025ರ ನವೆಂಬರ್ 14ರಂದು, ಮಕ್ಕಳ ದಿನವೇ. ಅವರ ಬಗ್ಗೆ ಮಕ್ಕಳನ್ನು ಕೇಳಿದರೆ 385 ಆಲದ ಮರ, ಪದ್ಮಶ್ರೀ ಅಂತ ಥಟ್ಟನೆ ಹೇಳುತ್ತಾರೆ. ನಾನು ನೀರಿನ ಕೊಡದ ಕಥೆ ಹೇಳುತ್ತೇನೆ. ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ಗಂಡ ಹೆಂಡತಿ ಇಬ್ಬರೂ ಕೂಲಿ ಮಾಡಿಕೊಂಡೇ ಕೊಡದಲ್ಲಿ ನೀರು ಹೊತ್ತು ಹಾಕಿದರು, ದನ ತಿನ್ನದ ಹಾಗೆ ಮುಳ್ಳು ಕಟ್ಟಿದರು. ಪರಿಸರ ದಿನ ಅಂತ ಜೂನ್ 5ಕ್ಕೆ ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುವ ನಮಗೆ ಮಾರ್ಚ್ ತಿಂಗಳ ಕೊಡದ ನೆನಪು ಇರಬೇಕು. ನಮ್ಮ ಶಾಲೆಯಲ್ಲಿ ಈ ಸಲ ಹತ್ತೇ ಗಿಡ ನೆಟ್ಟೆವು. ಬೇಸಿಗೆ ರಜೆಯಲ್ಲಿ ಯಾರು ನೀರು ಹಾಕುತ್ತಾರೆ ಅಂತ ಹೆಸರು ಬರೆದ ಮೇಲೆಯೇ ಗುಂಡಿ ತೋಡಿದೆವು. ಎಂಟು ಬದುಕಿವೆ.

ಆ ಹುಡುಗ ಪೂರ್ತಿ ಬದಲಾದ ಅಂತ ನಾನು ಹೇಳಲಾರೆ. ಮೊನ್ನೆ ಕೂಡ ಅವನ ಜೇಬಲ್ಲಿ ಕವಣೆ ಸಿಕ್ಕಿತು. ಮಾವಿನಕಾಯಿಗೆ ಅಂದ. ನಂಬಿದೆ. ಅವನಿಗೆ ಈಗ ಒಂದು ಕೆಲಸ ಇದೆ. ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ ಹಕ್ಕಿಗಳಿಗೆ ನೀರಿನ ಮಡಕೆ ಇಟ್ಟಿದ್ದೇವೆ. ಎರಡು ದಿನಕ್ಕೊಮ್ಮೆ ಅದನ್ನು ಉಜ್ಜಿ ತೊಳೆಯಬೇಕು, ಇಲ್ಲದಿದ್ದರೆ ಪಾಚಿ ಕಟ್ಟುತ್ತದೆ, ಸೊಳ್ಳೆ ಮೊಟ್ಟೆ ಇಡುತ್ತದೆ. ಬಂದ ಹಕ್ಕಿಗಳನ್ನು ಬರೆದಿಡಬೇಕು. ಅವನ ಪುಸ್ತಕದಲ್ಲಿ ಈವರೆಗೆ ಹನ್ನೊಂದು ಹೆಸರಿದೆ. ಹನ್ನೆರಡನೆಯದರ ಮುಂದೆ 'ಗೊತ್ತಿಲ್ಲ, ತಲೆ ಕಪ್ಪು, ಬಾಲದ ಕೆಳಗೆ ಕೆಂಪು' ಅಂತ ಬರೆದು ನನ್ನ ಹತ್ತಿರ ತಂದ. ನಾವಿಬ್ಬರೂ ಸೇರಿ ಹುಡುಕಿದೆವು. ಪಿಕಳಾರ.

ಬಿಸಿಲು ಜೋರಾಗುತ್ತಿದೆ, ಇನ್ನೂ ಎರಡು ಮೂರು ಮಡಕೆ ಬೇಕು ಅಂತ ಅವನು ಕೇಳುತ್ತಿದ್ದಾನೆ. ನಮ್ಮ ಸುತ್ತಮುತ್ತಲಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ಮನೆಯಲ್ಲಿ ಬಳಸದೆ ಇಟ್ಟಿರುವ ಅಗಲ ಬಾಯಿಯ ಮಣ್ಣಿನ ಪಾತ್ರೆ ಇದ್ದರೆ ತಿಳಿಸಿ. ಅಂಚು ಸ್ವಲ್ಪ ಒಡೆದಿದ್ದರೂ ಪರವಾಗಿಲ್ಲ. ಶನಿವಾರ ಬೆಳಿಗ್ಗೆ ಮಕ್ಕಳೇ ಬಂದು ತೆಗೆದುಕೊಂಡು ಹೋಗುತ್ತಾರೆ.