ಮರುಕವಲ್ಲ, ಗುರುತು

ದೂರದೇಶದ ಹೆಣ್ಣುಮಕ್ಕಳ ಬದುಕಿನ ಪುಸ್ತಕಗಳು ನಮ್ಮಲ್ಲಿ ಬರೀ ಮರುಕ ಹುಟ್ಟಿಸುತ್ತವೆ ಎಂದು ಲೇಖನದಲ್ಲಿ ಬರೆದಿದ್ದೀರಿ. ನನ್ನ ಅನುಭವ ಬೇರೆ.

ದಾವಣಗೆರೆಯ ಗ್ರಂಥಾಲಯದಿಂದ ತಂದ ಅಫ್ಘಾನಿಸ್ತಾನದ ಕುರಿತ ಪುಸ್ತಕವೊಂದನ್ನು ಅಮ್ಮನಿಗೆ ಓದಿ ಹೇಳುತ್ತಿದ್ದೆ. 2021ರಿಂದ ಅಲ್ಲಿ ಆರನೇ ತರಗತಿಯ ನಂತರ ಹುಡುಗಿಯರಿಗೆ ಶಾಲೆಯಿಲ್ಲ ಎಂದಾಗ ಅವರು ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿದರು. ‘ನನ್ನನ್ನೂ ಏಳಕ್ಕೇ ಬಿಡಿಸಿದರಲ್ಲ’ ಎಂದರು, ಅಷ್ಟೇ. ದೊಡ್ಡವಳಾದಳೆಂದು ಮನೆಯಲ್ಲೇ ಕೂರಿಸಿದ್ದರಂತೆ. ನಲವತ್ತು ವರ್ಷಗಳಲ್ಲಿ ಒಮ್ಮೆಯೂ ಅವರು ಇದನ್ನು ಹೇಳಿರಲಿಲ್ಲ. ಅಲ್ಲಿ ಸರ್ಕಾರದ ಆಜ್ಞೆ, ಇಲ್ಲಿ ಹಿರಿಯರ ಮಾತು. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಹಿರಿಯರ ಮಾತನ್ನು ಮೀರಿದವರು ನಮ್ಮಲ್ಲಿದ್ದರು, ಆಜ್ಞೆಯನ್ನು ಮೀರಿದರೆ ಶಿಕ್ಷೆ ಕಾದಿರುತ್ತದೆ. ಆದರೆ ಅಮ್ಮನಿಗೆ ಆ ಹುಡುಗಿಯರ ಮೇಲೆ ಬಂದದ್ದು ಮರುಕವಲ್ಲ, ಗುರುತು ಸಿಕ್ಕ ಸಂಕಟ.

ಆಮೇಲೆ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ತಂದು ಓದಿದೆ. ತಲಾಖ್ ಆದ ನಾದಿರಾ ಗಂಡನ ಬಳಿಗೆ ಮರಳಬೇಕಾದರೆ ಬೇರೊಬ್ಬನನ್ನು ಮದುವೆಯಾಗಬೇಕೆಂಬ ಭಾಗಕ್ಕೆ ಬಂದಾಗ ಅಮ್ಮ, ‘ಅವಳನ್ನು ಯಾರಾದರೂ ಕೇಳಿದರಾ?’ ಎಂದು ಸಿಟ್ಟಾದರು. ಕಥೆ ನಡೆಯುವ ಕಾಸರಗೋಡಿನ ಸೀಮೆಯನ್ನೇ ಕಾಣದ ಲಿಂಗಾಯತ ಮನೆಯ ಹೆಂಗಸು! ಎರಡು ದಿನ ನಾದಿರಾಳ ಮಾತೇ.

ದಯವಿಟ್ಟು ಇಂಥ ಪುಸ್ತಕಗಳನ್ನು ಹೊರಗಿನವರ ಕಥೆ ಎಂದು ಬದಿಗಿಡಬೇಡಿ. ಈಗ ಪುಸ್ತಕ ಹಿಂತಿರುಗಿಸುವ ದಿನ ಅಮ್ಮ ನನಗಿಂತ ಮೊದಲೇ ಸೀರೆ ಉಟ್ಟು ಬಾಗಿಲಲ್ಲಿ ನಿಂತಿರುತ್ತಾರೆ, ಮುಂದಿನದನ್ನು ತಾವೇ ಆರಿಸಬೇಕೆಂದು.